ಗೆರೆ ಆಮೇಲೆ

ಹೊಸ ಕಂಪ್ಯೂಟರು ಮೂರನೆಯ ಸಲವೂ "ಪಾಸ್‌ವರ್ಡ್ ತಪ್ಪು" ಎಂದಿತು. ಜೆಲಿಕಾ ಆಶೇ ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ತಪ್ಪಂತೆ! ಆ ಪಾಸ್‌ವರ್ಡ್ ಎಂದರೆ ಅವಳ ಗಂಡನ ಹೆಸರು. ಮೂವತ್ತೊಂಬತ್ತು ವರ್ಷ ಒಂದೇ ಸೂರಿನಡಿ ಬಾಳಿದವನ ಹೆಸರು ತಪ್ಪು ಎಂದು, ನಿನ್ನೆ ಡಬ್ಬದಿಂದ ಹೊರಬಂದ ಒಂದು ಯಂತ್ರ ಅವಳಿಗೆ ಹೇಳುತ್ತಿತ್ತು.

"ಐದು ಸಲ ತಪ್ಪಾದ್ರೆ ಗೋಡೆ ಮೇಲಿನ ಆ ಪೆಟ್ಟಿಗೆ ಬಾಗಿಲು ಹಾಕ್ಕೊಂಡ್‌ಬಿಡುತ್ತೆ ಮೇಡಂ. ಆಮೇಲೆ ಒಂದು ದಿನ ಪೂರ್ತಿ ಯಾರನ್ನೂ ಒಳಗೆ ಬಿಡಲ್ಲ," ಎಂದ ಮಾಂಕ್ಟನ್ ಪಟ್ಟಣದಿಂದ ಬಂದಿದ್ದ ರಿಪೇರಿಯವನು. "ನಿಮ್ಮ ಯಜಮಾನ್ರೇ ಹಾಗೆ ಮಾಡಿಟ್ಟಿದಾರೆ. ಚೀಟೀಲಿ ಬರೆದಿದೆ ನೋಡಿ. ಇನ್ನು ಎರಡೇ ಸಲ ಉಳಿದಿರೋದು."

"ಹಾಗಾದ್ರೆ ಯೋಚನೆ ಮಾಡಿ ಹೊಡಿ. ಮರಕುಟಿಗನ ಥರ ಸುಮ್ನೆ ಕುಟ್ಟಬೇಡ."

ಅಲೀರ್‌ನ ಸಮಾಧಿಕಲ್ಲಿನ ಕಾರ್ಖಾನೆಯಲ್ಲಿ ಇರುವುದು ಮೂರು ಕಂಪ್ಯೂಟರು, ಮೂರೂ ಮೂರು ಜಾತಿಯವು. ಕಿಟಕಿಯ ಬಳಿ ಜೆಲಿಕಾಳ ಮ್ಯಾಕ್. ಕಲ್ಲಿನ ಮೇಲೆ ಮೂಡಬೇಕಾದ ಅಕ್ಷರಗಳನ್ನು ಅವಳು ಬಿಡಿಸುವುದು ಅದರಲ್ಲಿ. ಕಲ್ಲು ಕೊರೆಯುವ ಯಂತ್ರದ ಪಕ್ಕದಲ್ಲಿರುವುದು ವಿಂಡೋಸ್‌ನದು. ಇವೆರಡರ ನಡುವೆ, ಗೋಡೆಯ ಹಲಗೆಯ ಮೇಲೆ, ಲಿನಕ್ಸ್ ಹಾಕಿದ ಒಂದು ಕಪ್ಪು ಪೆಟ್ಟಿಗೆ. ಜೆಲಿಕಾ ಬಿಡಿಸಿದ್ದನ್ನು ಆ ಪೆಟ್ಟಿಗೆಯಲ್ಲಿ ಇಡುತ್ತಾಳೆ, ಯಂತ್ರ ಅಲ್ಲಿಂದ ಎತ್ತಿಕೊಳ್ಳುತ್ತದೆ. ಮಾತು ಬಿಟ್ಟ ಇಬ್ಬರು ಓರಗಿತ್ತಿಯರ ನಡುವೆ ಅತ್ತೆ ಕೂತ ಹಾಗೆ. ಈ ಏರ್ಪಾಡು ಮಾಡಿದವನು ಜೆಲಿಕಾಳ ಗಂಡ ಲಿವಾಂ. ಅವನ ಕಸುಬು ಉಳಿ ಹಿಡಿದು ಕಲ್ಲಿನಲ್ಲಿ ಅಕ್ಷರ ಕೆತ್ತುವುದು. ಯಂತ್ರ ಬಂದು ಆ ಕೆಲಸ ಕಸಿದುಕೊಂಡಾಗ ಗೋಳಾಡದೆ ಕಂಪ್ಯೂಟರನ್ನೂ ಕಲಿತ. ಈ ಮಾರ್ಚಿನಲ್ಲಿ ತೀರಿಕೊಂಡ. ಈಗ ಯಂತ್ರದ ಕೆಳಗೆ ಮಲಗಿರುವ ಬೂದು ಗ್ರಾನೈಟು ಅವನದೇ.

ಮೊನ್ನೆ ಯಂತ್ರದ ಪಕ್ಕದ ಹಳೆಯ ಕಂಪ್ಯೂಟರು ಹೊಗೆ ಬಿಟ್ಟು ಸತ್ತುಹೋಯಿತು. ಅದಕ್ಕೆ ಪಾಸ್‌ವರ್ಡ್ ಕೊಟ್ಟಿದ್ದವನು ಲಿವಾಂ. ಒಮ್ಮೆ ಕೊಟ್ಟದ್ದನ್ನು ಅದು ವರ್ಷಗಟ್ಟಲೆ ನೆನಪಿಟ್ಟುಕೊಂಡಿತ್ತು. ಜೆಲಿಕಾಳ ಮ್ಯಾಕಿಗೂ ಅವನೇ ಕೊಟ್ಟದ್ದು. ಹೊಸದಕ್ಕೆ ಕೊಡಲು ಅವನಿಲ್ಲ. ಪೆಟ್ಟಿಗೆಯ ನೆತ್ತಿಗೆ ಅವನು ಅಂಟಿಸಿದ ಚೀಟಿ ಮಾತ್ರ ಇದೆ. ಮೇಲೆ ಪಾಸ್‌ವರ್ಡ್, ತನ್ನ ಹೆಸರು ಮತ್ತು ಮನೆತನದ ಹೆಸರು ಕೂಡಿಸಿ ಬರೆದದ್ದು. ಅದರ ಕೆಳಗೆ ಐದು ಸಲದ ಎಚ್ಚರಿಕೆ. ಅದರ ಕೆಳಗೆ, "ಅಕ್ಷರ ಮೊದಲು, ಗೆರೆ ಆಮೇಲೆ." ಈ ಕೊನೆಯ ಮಾತು ಕಾರ್ಖಾನೆಯ ಗೋಡೆಗೋಡೆಗೂ ಗೊತ್ತು. ಕಲ್ಲು ಕೆತ್ತುವಾಗಲೆಲ್ಲ ಲಿವಾಂ ಹೇಳುತ್ತಿದ್ದದ್ದು ಅದನ್ನೇ. ಆದ್ದರಿಂದ ಯಾರೂ ಅದರ ಮೇಲೆ ಕಣ್ಣಾಡಿಸಲಿಲ್ಲ.

ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟರಾಗದೇ ಎಂದು ಜೆಲಿಕಾ ಬೆಳಿಗ್ಗೆಯೇ ಕೇಳಿದ್ದಳು. ಆಗದು. ಹೋದ ವರ್ಷ ಯಾರದೋ ಪೆನ್‌ಡ್ರೈವ್‌ನಿಂದ ವೈರಸ್ ಹತ್ತಿ ಯಂತ್ರ ಹುಚ್ಚೆದ್ದು ಒಂದು ಕಲ್ಲನ್ನೇ ಸೀಳಿತ್ತು. ಅಂದಿನಿಂದ ಯಂತ್ರದ ಬಳಿ ಪೆನ್‌ಡ್ರೈವ್ ಸಿಕ್ಕಿಸುವ ತೂತುಗಳನ್ನೆಲ್ಲ ಮುಚ್ಚಿಬಿಡುತ್ತಿದ್ದರು, ಹೊಸ ಕಂಪ್ಯೂಟರಿನಲ್ಲೂ. ಇಂಟರ್ನೆಟ್ಟೂ ಇಲ್ಲ. ಪೆಟ್ಟಿಗೆಯಿಂದ ಬರುವ ಒಂದು ತಂತಿಯೇ ದಾರಿ.

ಹನ್ನೊಂದೂವರೆಗೆ ಅಲೀರ್ ಬಂದ. ಎಪ್ಪತ್ತೆಂಟರ ಮುದುಕ, ಕಾರ್ಖಾನೆಯ ಒಡೆಯ, ಊರ ಸ್ಮಶಾನ ಸಮಿತಿಗೂ ಅವನೇ ಅಧ್ಯಕ್ಷ. ಅಂದರೆ ಈ ಊರಲ್ಲಿ ಸತ್ತವರೆಲ್ಲ ಎರಡೆರಡು ಸಲ ಅಲೀರ್‌ನ ಕೈಗೆ ಸಿಗುತ್ತಿದ್ದರು. ಕೆಟ್ಟವನಲ್ಲ. ಯಾವ ಕೆಲಸವನ್ನೂ ಜಗಳವಿಲ್ಲದೆ ಮುಗಿಸಬೇಕೆನ್ನುವವನು, ಅಷ್ಟೇ. ಅಂಥವರಿಂದ ಆಗುವ ಕೇಡು ಕೆಟ್ಟವರಿಂದಲೂ ಆಗುವುದಿಲ್ಲ.

"ಜೆಲಿಕಾ, ಮೂರು ಗಂಟೆಗೆ ಕ್ರೇನಿನ ಲಾರಿ ಬರುತ್ತೆ," ಎಂದ. "ಇವತ್ತು ಬಿಟ್ರೆ ಅವನು ಮತ್ತೆ ಬರೋದು ಸೆಪ್ಟೆಂಬರ್‌ಗೆ. ನಾಳೆ ಆಗಸ್ಟ್ ಹದಿನೈದು, ನಮ್ಮ ಜನರ ಹಬ್ಬ. ಊರೆಲ್ಲ ಸೇರಿರುತ್ತೆ, ಲಿವಾಂ ತಲೆ ಹತ್ರ ಕಲ್ಲು ಇರಬೇಕು ಅಂತ ನೀನೇ ಹೇಳಿದ್ದು."

"ಹೌದು, ಹೇಳಿದ್ದೆ. ಈಗಲೂ ಅದನ್ನೇ ಹೇಳ್ತೀನಿ."

"ಹಾಗಾದ್ರೆ ಈ ತಲೆನೋವು ಯಾಕೆ? ಹೆಸರನ್ನ ಯಂತ್ರದ ಹತ್ರಾನೇ ಟೈಪ್ ಮಾಡಿದ್ರೆ ಮುಗೀತು. ಅದರಲ್ಲೇ ಅಕ್ಷರ ಇದೆಯಲ್ಲ."

ಅಕ್ಷರ ಇತ್ತು, ನಿಜ. ಯಂತ್ರದ ಹೊಟ್ಟೆಯಲ್ಲಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿದ್ದವು, ಎಲ್ಲವೂ ಬೋಳು. ಆಶೇ ಎಂಬ ಹೆಸರಿನ ಕೊನೆಯ ಅಕ್ಷರದ ನೆತ್ತಿಯ ಮೇಲೆ ಒಂದು ಓರೆಗೆರೆ ಬೇಕು. ಗೆರೆ ಇದ್ದರೆ ಆಶೇ. ಕನ್ನಡದ ಕಿವಿಗೆ ಅದು ಆಶೆ ಎಂದೇ ಕೇಳಿಸುತ್ತದೆ. ಗೆರೆ ತೆಗೆದರೆ ಆಶ್. ಅವರ ಫ್ರೆಂಚ್ ಮಾತಿನಲ್ಲಿ ಹಾಗೆಂದರೆ ಕೊಡಲಿ. ಅಷ್ಟೇ ವ್ಯತ್ಯಾಸ, ಒಂದು ಅಕ್ಕಿಕಾಳಿನಷ್ಟು.

ಜೆಲಿಕಾ ಆ ಅಕ್ಕಿಕಾಳಿನ ಬೆಲೆ ಬಲ್ಲವಳು. ಆಶೇ ಮನೆಯಲ್ಲೇ ಹುಟ್ಟಿ ಆಶೇ ಮನೆಗೇ ಸೊಸೆಯಾದವಳು; ಈ ಕಡಲ ದಂಡೆಯಲ್ಲಿ ಅರ್ಧ ಊರಿಗೆ ಅದೇ ಹೆಸರು. ಅವಳಿಗೆ ಹದಿನಾಲ್ಕು ವರ್ಷವಾಗಿದ್ದಾಗ ಅಪ್ಪ ಕಾಲಿಕ್ಸ್ತ್ ತೀರಿಕೊಂಡ. ಅವನ ಬಿಳಿ ಅಮೃತಶಿಲೆಯನ್ನು ಎಲ್ಲೋ ದೂರದ ಪಟ್ಟಣದಲ್ಲಿ, ಫ್ರೆಂಚ್ ಗೊತ್ತಿಲ್ಲದ ಯಾರೋ ಕೆತ್ತಿ ಕಳಿಸಿದ. ಗೆರೆ ಇರಲಿಲ್ಲ. ಕಾಲಿಕ್ಸ್ತ್ ಕೊಡಲಿ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ಕಲ್ಲು ಊರಿನ ಮಧ್ಯೆ ನಿಂತಿತು. ಶಾಲೆಯಲ್ಲಿ ಹುಡುಗರು ಅವಳನ್ನು "ಏ ಕೊಡಲಿ ಮಗಳೇ" ಎಂದು ಕರೆದರು. ಆ ಕಲ್ಲನ್ನು ತರಿಸಿಕೊಟ್ಟವನು ಆಗಿನ್ನೂ ಇಪ್ಪತ್ತೆಂಟರ ಅಲೀರ್. ಅಮ್ಮ ಹೋಗಿ ಕೇಳಿದಾಗ, "ಆಮೇಲೆ ಹಾಕಿಸೋಣ ಬಿಡಿ" ಎಂದಿದ್ದ. ಆ ಬಳಿಕ ಸಮಿತಿಯವರು, ನೆಟ್ಟ ಕಲ್ಲನ್ನು ಯಾರೂ ಮುಟ್ಟಕೂಡದು ಎಂದು ನಿಯಮ ಮಾಡಿದರು. ಲಿವಾಂ ಮದುವೆಯಾದ ವರ್ಷದಿಂದ ಹೇಳುತ್ತಿದ್ದ: "ಹನ್ನೆರಡು ಏಟಿನ ಕೆಲಸ ಕಣೆ. ಅಕ್ಷರದ ಮೇಲೆ ಜಾಗ ಇದೆ. ನೀನು ಹೂಂ ಅನ್ನು ಸಾಕು." ಅವಳು ಸಮಿತಿಗೆ ಹೆದರಿ ಹೂಂ ಎನ್ನಲಿಲ್ಲ. ಆ ಹೆದರಿಕೆಯನ್ನು ನೆನೆದರೆ ಈಗ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

"ಗೆರೆ?" ಎಂದಳು.

"ಗೆರೇನ ಆಮೇಲೆ ಯಾರ ಕೈಲಾದ್ರೂ..." ಎಂದು ಅಲೀರ್ ಶುರುಮಾಡಿ, ಅವಳ ಮುಖ ನೋಡಿ ನಿಲ್ಲಿಸಿದ.

"ಹೇಳು ಹೇಳು, ನಿಲ್ಲಿಸಿದ್ಯಾಕೆ? ನಮ್ಮಪ್ಪಂಗೂ ಆಮೇಲೆ ಅಂದಿದ್ದೆ. ಐವತ್ತು ವರ್ಷ ಆಯ್ತು ಅಲೀರ್. ಇನ್ನೂ ಆಮೇಲೆ ಬಂದಿಲ್ಲ. ಇದು ಗ್ರಾನೈಟು. ಕೈಯಲ್ಲಿ ಕೆತ್ತೋವ್ರು ಯಾರಿದಾರೆ ಈಗ? ಇದ್ದೋನೊಬ್ಬ, ಅವನೇ ಇದರ ಕೆಳಗೆ ಮಲಗೋನು. ಸಾಲದ್ದಕ್ಕೆ ಯಂತ್ರದ ಅಕ್ಷರ ಹಾಕಿದ್ರೆ ಮೇಲಿನ ಅಂಚಿನ ಪಟ್ಟಿಗೇ ಹೋಗಿ ತಾಗುತ್ತೆ. ಗೆರೇನ ಎಲ್ಲಿ ಹಾಕಿಸ್ತೀಯಾ, ನಿನ್ನ ಹಣೆ ಮೇಲಾ?"

ರಿಪೇರಿಯವನು ಮುಸಿಮುಸಿ ನಕ್ಕ. ಜೆಲಿಕಾ ಅವನತ್ತ ತಿರುಗಿದಳು. ಮೂವತ್ತೈದರ ಆಸುಪಾಸಿನವನು, ಎದೆಯ ಮೇಲೆ ಹೆಸರಿನ ಬಿಲ್ಲೆ. ಅವಳು ಕನ್ನಡಕ ಏರಿಸಿ ಅದನ್ನು ಓದಿದಳು. ರಾಡ್ ಆಶ್ ಎಂದಿತ್ತು, ಗೆರೆಯಿಲ್ಲದೆ.

"ನೀನು ಯಾರ ಮನೆಯವನಪ್ಪಾ?"

ಈ ಪ್ರಶ್ನೆಗೆ ಈ ಕಡೆಯ ಯಾರೂ ಉತ್ತರ ಕೊಡದೆ ಇರಲಾರರು. "ಮಾಂಕ್ಟನ್ನಲ್ಲೇ ಬೆಳೆದಿದ್ದು. ಆದ್ರೆ ಅಜ್ಜ ಇಲ್ಲಿಯೋರೇ," ಎಂದು ಅವನು ತಡವರಿಸಿದ. "ಫಿದೆಲ್‌ನ ಲೆಯೊನಿದ್‌ನ ರೊಡ್ರಿಗ್."

"ಫಿದೆಲ್‌ನ ಮೊಮ್ಮಗನಾ! ಅವನ ದೋಣಿ ಮೇಲೆ ಈ ಗೆರೇನ ಒಂದು ಮಾರುದ್ದ ಬರೆಸಿದ್ದ, ಕೆಂಪು ಬಣ್ಣದಲ್ಲಿ. ಸಮುದ್ರದ ಆಚೆಗೂ ಕಾಣ್ತಿತ್ತು. ನೀನು ಅದನ್ನ ಎಲ್ಲಿ ಕಳಕೊಂಡು ಬಂದೆ?"

"ವಿಮಾನದ ಟಿಕೆಟ್ಟಲ್ಲಿ ತಕರಾರು, ಬ್ಯಾಂಕಲ್ಲಿ ತಕರಾರು ಮೇಡಂ. ಅರ್ಧ ಕಂಪ್ಯೂಟರುಗಳು ಅದನ್ನ ಪ್ರಶ್ನಾರ್ಥಕ ಚಿಹ್ನೆ ಮಾಡ್ತವೆ. ತೆಗೆದುಹಾಕಿದೆ. ಆರಾಮಾಗಿದೀನಿ."

"ಆರಾಮಾಗೇ ಇರ್ತೀಯ ಬಿಡು. ಕೊಡಲಿಗೆ ಎಂಥ ಚಿಂತೆ?"

ಅವನ ಕಿವಿ ಕೆಂಪಾಯಿತು. "ನೋಡಿ, ಇದು ಭಾವನೆಯ ಪ್ರಶ್ನೆ ಅಲ್ಲ. ಪಾಸ್‌ವರ್ಡಲ್ಲಿ ಗೆರೆ ಗಿರೆ ಹಾಕಬಾರದು, ಅದು ಮೊದಲನೇ ಪಾಠ. ಮ್ಯಾಕ್ ಒಂದು ಥರ ಕಳಿಸುತ್ತೆ, ವಿಂಡೋಸ್ ಒಂದು ಥರ. ನಿಮ್ಮ ಯಜಮಾನ್ರು ಚೀಟೀಲಿ ಅಭ್ಯಾಸಬಲಕ್ಕೆ ಗೆರೆ ಹಾಕಿರ್ತಾರೆ, ಪೆಟ್ಟಿಗೆಗೆ ಕೊಡುವಾಗ ಬೋಳಾಗೇ ಕೊಟ್ಟಿರ್ತಾರೆ. ಎಲ್ಲರೂ ಮಾಡೋದೇ ಹಾಗೆ."

"ಲಿವಾಂ ಹಾಗೆ ಮಾಡಲ್ಲ. ಮುಟ್ಟಬೇಡ..."

ಅಷ್ಟರಲ್ಲಿ ಅವನ ಬೆರಳು ಹೊಡೆದಾಗಿತ್ತು. ಲಿವಾಂ ಕೊಡಲಿ. ಕಂಪ್ಯೂಟರು ಕ್ಷಣ ಯೋಚಿಸಿ, ತಪ್ಪು ಎಂದಿತು.

ಜೆಲಿಕಾಳ ಮೈ ಉರಿದುಹೋಯಿತು. ನಾಲ್ಕು ಸಲ ಮುಗಿದಿತ್ತು. ಜೊತೆಗೆ ಆ ಉರಿಯೊಳಗೇ ಒಂದು ಸಣ್ಣ ಹಿಗ್ಗೂ ಇತ್ತು, ಅದನ್ನೇಕೆ ಮುಚ್ಚಿಡಬೇಕು? ಪೆಟ್ಟಿಗೆ ಕೂಡ ಕೊಡಲಿಯನ್ನು ಒಳಗೆ ಬಿಟ್ಟಿರಲಿಲ್ಲ.

"ಏಳು," ಎಂದಳು. "ಆ ಕುರ್ಚಿಯಿಂದ ಏಳು ಮೊದಲು."

ರೊಡ್ರಿಗ್ ಎದ್ದ. ತಾನು ಮಾಡಿದ್ದು ಹೆಚ್ಚಾಯಿತು ಎಂದು ಅವನಿಗೂ ಅನ್ನಿಸಿರಬೇಕು. ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಪರದೆಯೊಂದನ್ನು ಎತ್ತಿ ತಂದು, ಕಪ್ಪು ಪೆಟ್ಟಿಗೆಗೇ ನೇರವಾಗಿ ಸಿಕ್ಕಿಸಿದ. "ಒಳಗೆ ಹೋಗೋಕೆ ಆಗಲ್ಲ, ಅದಕ್ಕೆ ಬೇರೆ ಪಾಸ್‌ವರ್ಡ್ ಇರುತ್ತೆ, ಅದು ಯಾರಿಗೂ ಗೊತ್ತಿಲ್ಲ. ಪೆಟ್ಟಿಗೆ ಸರಿಯಾಗಿದೆಯಾ ಅಂತಾದ್ರೂ ನೋಡೋಣ."

ಪರದೆ ಕಪ್ಪಾಗಿ ಎದ್ದಿತು. ಬಾಗಿಲಲ್ಲಿ ನಿಂತು ಸ್ವಾಗತಿಸುವಂತೆ ಒಂದೇ ಒಂದು ಸಾಲು ಬಿಳಿಯ ಅಕ್ಷರಗಳಲ್ಲಿ ಮೂಡಿತು. "ಇದು ಲಿವಾಂ ಆಶೇಯ ಪೆಟ್ಟಿಗೆ" ಎಂದು ಲಿವಾಂ ಬರೆದಿಟ್ಟಿದ್ದ ಸಾಲು. ಆದರೆ ಅದರಲ್ಲಿ ಆಶೇ ಸರಿಯಾಗಿರಲಿಲ್ಲ. ಕೊನೆಯ ಅಕ್ಷರದ ತಲೆ ಬೋಳಾಗಿತ್ತು, ಗೆರೆ ಕಳಚಿ ಪಕ್ಕದಲ್ಲಿ ಬಿದ್ದಿತ್ತು.

"ನೋಡಿ, ನಾನು ಹೇಳಿದ್ದು ಇದನ್ನೇ," ಎಂದ ರೊಡ್ರಿಗ್. "ಕಸ. ಗೆರೆ ಹಾಕಿದ್ರೆ ಹೀಗೇ ಆಗೋದು. ಪೆಟ್ಟಿಗೇನ ನಾನು ಮಾಂಕ್ಟನ್ನಿಗೆ ತಗೊಂಡು ಹೋಗ್ತೀನಿ, ಮೂರು ದಿನದಲ್ಲಿ..."

"ಬಾಯಿ ಮುಚ್ಚು," ಎಂದಳು ಜೆಲಿಕಾ. ಮೆಲ್ಲಗೆ ಹೇಳಿದಳು.

ಅವಳು ಪರದೆಯ ಹತ್ತಿರ ಬಗ್ಗಿ ನಿಂತಳು. ಕಸವಲ್ಲ ಅದು. ಮೂವತ್ತೊಂಬತ್ತು ವರ್ಷ ಅವಳು ಲಿವಾಂನ ಕೈ ನೋಡಿದ್ದಳು. ಅವನು ಗೆರೆಯನ್ನು ಅಕ್ಷರದ ಜೊತೆಗೆ ಎಂದೂ ಕೆತ್ತುತ್ತಿರಲಿಲ್ಲ. ಇಡೀ ಹೆಸರನ್ನು ಬೋಳಾಗಿ ಕೆತ್ತಿ ಮುಗಿಸಿ, ದೂಳು ಊದಿ, ಸಣ್ಣ ಉಳಿ ತೆಗೆದುಕೊಂಡು ಗೆರೆಯನ್ನು ಬೇರೆಯಾಗಿ ಇಳಿಸುತ್ತಿದ್ದ. ಅಕ್ಷರ ಬೇರೆ, ಗೆರೆ ಬೇರೆ. ಪರದೆಯ ಮೇಲೂ ಹಾಗೆಯೇ ಇತ್ತು, ಅಕ್ಷರ, ಆಮೇಲೆ ಗೆರೆ.

"ನಿನ್ನ ಕೀಲಿಮಣೇಲಿ ಗೆರೆ ಇರೋ ಅಕ್ಷರ ಹೆಂಗೆ ಹೊಡೆದೆ?" ಎಂದು ಕೇಳಿದಳು.

"ಒಂದೇ ಗುಂಡಿ ಮೇಡಂ. ಗೆರೆ ಸಮೇತ ಒಂದೇ ಅಕ್ಷರ ಬರುತ್ತೆ."

"ಲಿವಾಂನದು ಒಂದಲ್ಲ, ಎರಡು. ಮೊದಲು ಅಕ್ಷರ, ಆಮೇಲೆ ಗೆರೆ. ಚೀಟೀಲಿ ಬರೆದಿದಾನೆ, ಕುರುಡರ ಥರ ಎಲ್ಲರೂ ಅದರ ಮುಂದೇನೇ ಓಡಾಡ್ತಿದೀವಿ!"

ರೊಡ್ರಿಗ್ ಚೀಟಿ ನೋಡಿದ, ಪರದೆ ನೋಡಿದ, ಹಣೆ ಚಚ್ಚಿಕೊಂಡ. "ಅಯ್ಯೋ ದೇವರೇ. ಹಳೇ ಮ್ಯಾಕುಗಳು ಫೈಲಿನ ಹೆಸರಲ್ಲಿ ಹಾಗೇ ಇಡ್ತಿದ್ವು, ಅಕ್ಷರ ಬೇರೆ, ಗೆರೆ ಬೇರೆ. ಅವರು ತಮ್ಮ ಹೆಸರನ್ನ ಟೈಪ್ ಮಾಡಿಲ್ಲ. ಯಾವುದೋ ಫೈಲಿನ ಹೆಸರಿಂದ ನಕಲು ಮಾಡಿ ಅಂಟಿಸಿದಾರೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, ಪೆಟ್ಟಿಗೆಗೆ ಮಾತ್ರ ಬೇರೆ ಬೇರೆ."

ನಮ್ಮ ಮಕ್ಕಳು ಕಾಗುಣಿತ ಬರೆಯುವಾಗ ಮೊದಲು ಕ ಬರೆದು ಆಮೇಲೆ ಕೊಂಬು ಕೊಡುವುದಿಲ್ಲವೇ, ಅಷ್ಟೇ ಸಂಗತಿ. ಆದರೆ ಬೀಗಕ್ಕೆ ಅಷ್ಟೇ ಎಂಬುದಿಲ್ಲ. ತನಗೆ ಕೊಟ್ಟದ್ದು ಕೊಟ್ಟ ಹಾಗೆಯೇ ಬರಬೇಕು.

"ಒಂಟಿ ಗೆರೆ ಎಲ್ಲಿ ಸಿಗುತ್ತೆ ಈ ಹೊಸ ದೊಡ್ಡಮನುಷ್ಯನಲ್ಲಿ?" ಎಂದು ಜೆಲಿಕಾ ಆ ಕುರ್ಚಿಯಲ್ಲಿ ಕೂತಳು.

ಲೋಕದ ಅಕ್ಷರಗಳ ಪಟ್ಟಿಯೊಂದು ವಿಂಡೋಸ್‌ನಲ್ಲೇ ಇತ್ತು. ರೊಡ್ರಿಗ್ ಅದನ್ನು ತೆರೆದು ತೋರಿಸಿದ. ನೂರಾರು ಚಿಹ್ನೆಗಳ ಸಂತೆಯಲ್ಲಿ, ತಲೆಯಿಲ್ಲದ ಟೋಪಿಯಂತೆ, ಒಂಟಿ ಗೆರೆ ಕೂತಿತ್ತು. ಜೆಲಿಕಾ ಹೆಸರನ್ನು ಒಂದೊಂದೇ ಅಕ್ಷರವಾಗಿ ಆರಿಸಿದಳು. ಕೊನೆಯ ಅಕ್ಷರ ಬೋಳಾಗಿ ಇಟ್ಟಳು. ಅದರ ಹಿಂದೆ ಗೆರೆ ಇಟ್ಟಳು. ಗೆರೆ ತಾನಾಗಿ ಹಾರಿ ಅಕ್ಷರದ ನೆತ್ತಿಗೆ ಕೂತಿತು. ಎಲ್ಲವನ್ನೂ ನಕಲು ಮಾಡಿ ಪಾಸ್‌ವರ್ಡಿನ ಜಾಗಕ್ಕೆ ಅಂಟಿಸಿದಳು. ಅಲ್ಲಿ ಅದು ಬರೀ ಕಪ್ಪು ಚುಕ್ಕೆಗಳಾಯಿತು.

"ಜೆಲಿಕಾ," ಎಂದ ಅಲೀರ್ ಹಿಂದಿನಿಂದ. "ಇದೇ ಕೊನೇದು. ಇದೂ ತಪ್ಪಾದ್ರೆ ನಾಳೆವರೆಗೂ ಬಾಗಿಲು ಮುಚ್ಚಿರುತ್ತೆ. ಆಮೇಲೆ ಯಂತ್ರದ ಅಕ್ಷರ ಹಾಕೋಕೂ ನೀನು ಬಿಡಲ್ಲ, ನಂಗೊತ್ತು. ನಾಳೆ ಊರೆಲ್ಲ ಬರುತ್ತೆ, ನಿನ್ನ ಗಂಡನ ತಲೆ ಹತ್ರ ಬರೀ ಮಣ್ಣಿರುತ್ತೆ. ನಿನಗೆ ಪರವಾಗಿಲ್ವಾ?"

ಪರವಾಗಿಲ್ಲ ಎಂದು ಹೇಗೆ ಹೇಳಿಯಾಳು? ಮಾರ್ಚಿನಿಂದ ವಾರವಾರವೂ ಆ ಮಣ್ಣನ್ನು ನೋಡಿ ಬಂದವಳು ಅವಳು. ಮೊದಲ ತಿಂಗಳು ಅದರ ಮೇಲೆ ಹಿಮವಾದರೂ ಇತ್ತು. ಆದರೂ ಕುರ್ಚಿಯಿಂದ ಅಲುಗಲಿಲ್ಲ.

"ಮಣ್ಣೇ ಇರ್ಲಿ," ಎಂದಳು. "ಕೊಡಲಿ ಬೇಡ."

ಗುಂಡಿ ಒತ್ತಿದಳು. ಕಂಪ್ಯೂಟರು ಯೋಚಿಸಿತು. ಬಹಳ ಹೊತ್ತೇ ಯೋಚಿಸಿತು ಎಂದು ಮೂವರಿಗೂ ಅನ್ನಿಸಿತು. ಆಮೇಲೆ ಪೆಟ್ಟಿಗೆ ಒಂದು ಮಾತೂ ಆಡದೆ ತೆರೆದುಕೊಂಡಿತು. ಅವಳು ಬಿಡಿಸಿಟ್ಟ ಹೆಸರುಗಳೆಲ್ಲ ಸಾಲಾಗಿ ಬಂದು ನಿಂತವು. ನಡುವೆ ಲಿವಾಂ ಆಶೇ ಇದ್ದ, ಗೆರೆ ಸಮೇತ.

ಜೆಲಿಕಾ ಅಳಲಿಲ್ಲ. ಅಳುವುದಕ್ಕೆ ಸಮಯವೂ ಇರಲಿಲ್ಲ. "ನೀರು ಬಿಡು ಯಂತ್ರಕ್ಕೆ," ಎಂದು ಅಲೀರ್‌ಗೆ ಹೇಳಿದಳು, ಆಳಿಗೆ ಹೇಳುವ ಹಾಗೆ. ಅಲೀರ್ ಹೋಗಿ ನೀರು ಬಿಟ್ಟ. ಎರಡು ಗಂಟೆಯ ಹೊತ್ತಿಗೆ ಅಕ್ಷರಗಳೆಲ್ಲ ಕೊರೆದು ಮುಗಿದಿದ್ದವು. ಕಟ್ಟಕಡೆಗೆ ಯಂತ್ರದ ಮೂತಿ ಹಿಂದಕ್ಕೆ ಬಂದು, ಕೊನೆಯ ಅಕ್ಷರದ ಮೇಲೆ ನಿಂತು, ಒಂದು ಓರೆಗೆರೆ ಎಳೆಯಿತು. ಆ ಕ್ರಮದಲ್ಲೇ ಅವಳು ಬಿಡಿಸಿದ್ದಳು.

ಮೂರು ಗಂಟೆಗೆ ಲಾರಿ ಬಂತು. ಹೊರಡುವ ಮುನ್ನ ರೊಡ್ರಿಗ್ ಬಾಗಿಲಲ್ಲಿ ಕೊಂಚ ತಡೆದ. "ಅಜ್ಜನ ದೋಣಿ ಮೇಲೆ ನಿಜವಾಗ್ಲೂ ಮಾರುದ್ದ ಇತ್ತಾ, ತಾಯಿ?" ಎಂದು ಕೇಳಿದ. ಬೆಳಿಗ್ಗೆಯಿಂದ ಮೇಡಂ ಎನ್ನುತ್ತಿದ್ದವನು.

"ಮಾರುದ್ದಕ್ಕಿಂತ ಜಾಸ್ತಿ," ಎಂದಳು ಜೆಲಿಕಾ. "ಆ ದೋಣಿಗಿಂತ ಅದೇ ಉದ್ದ ಇತ್ತು ಅಂತ ಊರವರು ಆಡಿಕೊಳ್ತಿದ್ರು."

ಮರುದಿನ, ಆಗಸ್ಟ್ ಹದಿನೈದರ ಸಂಜೆ, ಆರಕ್ಕೆ ಐದು ನಿಮಿಷ ಇರುವಾಗ ಊರು ಗದ್ದಲಕ್ಕೆ ಇಳಿಯಿತು. ಪಾತ್ರೆ, ತಟ್ಟೆ, ಡಬ್ಬ, ಹಡಗಿನ ಗಂಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತ ಎಲ್ಲರೂ ಬೀದಿಗೆ ಬಂದರು. ಒಂದು ಕಾಲದಲ್ಲಿ ಇಂಗ್ಲಿಷರು ಫ್ರೆಂಚ್ ಮಾತಾಡುವ ನಮ್ಮವರನ್ನು ಹಡಗಿಗೆ ತುಂಬಿ ಈ ನೆಲದಿಂದ ಓಡಿಸಿದರು. ಆದರೂ ನಾವು ಇಲ್ಲೇ ಇದ್ದೇವೆ, ಕೇಳಿಸಿಕೊಳ್ಳಿ, ಎನ್ನುವ ಗದ್ದಲ ಅದು. ವರ್ಷವೂ ಜೆಲಿಕಾ ಫ್ರಿಕೋ ಎಂಬ ಕೋಳಿಸಾರು ಬೇಯಿಸುವ ದೊಡ್ಡ ಪಾತ್ರೆಯನ್ನೂ ಸೌಟನ್ನೂ ಹಿಡಿದು ಬರುತ್ತಿದ್ದಳು. ಈ ಸಲ ಅವಳ ಕೈಯಲ್ಲಿ ಲಿವಾಂನ ಸುತ್ತಿಗೆ ಇತ್ತು, ಸಣ್ಣ ಉಳಿ ಇತ್ತು.

ಮೆರವಣಿಗೆ ಸ್ಮಶಾನದ ಪಕ್ಕದಲ್ಲಿ ಹಾಯುವಾಗ ಅವಳು ಗುಂಪಿನಿಂದ ಹೊರಬಿದ್ದಳು. ಲಿವಾಂನ ಕಲ್ಲಿನ ಬಳಿ ನಿಂತು ಒಮ್ಮೆ ಗೆರೆಯನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಎರಡು ಸಾಲು ದಾಟಿ ಅಪ್ಪನ ಬಿಳಿಯ ಕಲ್ಲಿನ ಮುಂದೆ ಮೊಣಕಾಲೂರಿದಳು. ಪಾಚಿ ಒರೆಸಿದಳು. ಜಾಗವಿತ್ತು, ಲಿವಾಂ ಹೇಳಿದ ಹಾಗೆಯೇ. ಉಳಿಯನ್ನು ಓರೆಯಾಗಿ ಇಟ್ಟು ಮೊದಲ ಏಟು ಹಾಕಿದಳು. ಅವಳಿಗೇ ಸದ್ದು ಕೇಳಿಸಲಿಲ್ಲ, ಊರೇ ಬಡಿಯುತ್ತಿತ್ತು.

ಐದನೆಯ ಏಟಿಗೆ ಕಲ್ಲಿನ ಮೇಲೆ ಒಂದು ನೆರಳು ಬಿತ್ತು. ಅಲೀರ್ ನಿಂತಿದ್ದ, ಒಂದು ಕೈಯಲ್ಲಿ ಪಾತ್ರೆಯ ಮುಚ್ಚಳ, ಇನ್ನೊಂದರಲ್ಲಿ ಕಟ್ಟಿಗೆಯ ಚಮಚ. ಅವನ ಹಿಂದೆ ಜನ ನಿಂತು ನೋಡತೊಡಗಿದ್ದರು.

"ನೆಟ್ಟ ಕಲ್ಲು ಜೆಲಿಕಾ!" ಎಂದು ಅವನು ಗದ್ದಲದ ಮೇಲೆ ಕೂಗಿದ. "ಸಮಿತಿಗೆ ಅರ್ಜಿ ಕೊಟ್ಟಿದ್ಯಾ?"

ಜೆಲಿಕಾ ತಲೆ ಎತ್ತಿ ಅವನನ್ನು ನೋಡಿದಳು. ಉಳಿಯನ್ನು ಜಾಗ ಬದಲಿಸದೆ ಹಿಡಿದಿದ್ದಳು.

"ಆಮೇಲೆ ಕೊಡ್ತೀನಿ," ಎಂದಳು. ಆರನೆಯ ಏಟು ಹಾಕಿದಳು.

ಅಲೀರ್ ಹಿಂದೆ ತಿರುಗಿ ಜನರನ್ನು ನೋಡಿದ. ಆಮೇಲೆ ಅವನೂ ಮುಚ್ಚಳ ಬಡಿಯತೊಡಗಿದ, ಅವಳ ಸುತ್ತಿಗೆಯ ಜೊತೆಜೊತೆಗೆ, ಉಳಿದ ಆರು ಏಟು ಮುಗಿಯುವ ತನಕ.